ಮೊಟ್ಟೆಗಳಿಗೆ ಬಡಿಸಿದ ಅಮೃತಬಳ್ಳಿ

ನಮ್ಮ ಕಾಲೇಜಿನಲ್ಲಿ ನನ್ನ ಸ್ವಂತ ಧ್ವನಿ ಯಾವುದೆಂದು ಬಲ್ಲವರು ಕಡಿಮೆ. ಹಾಜರಿ ಕರೆಯುವಾಗ ಪಕ್ಕದವನ ಧ್ವನಿಯಲ್ಲಿ ‘ಯೆಸ್ ಸರ್’ ಅನ್ನುತ್ತಿದ್ದೆ, ಪಕ್ಕದವನು ಪಕ್ಕದಲ್ಲೇ ಕೂತಿದ್ದರೂ. ಸಿಟಿ ಬಸ್ಸಿನ ಕಂಡಕ್ಟರು, ದೋಣಿ ಬಂದು ನಿಲ್ಲುವ ಧಕ್ಕೆಯಲ್ಲಿ ಮೀನು ಏಲಂ ಕೂಗುವವರು, ವಿಮಾನ ನಿಲ್ದಾಣದಲ್ಲಿ ಗಲ್ಫಿಗೆ ಹೊರಟ ಗಂಡನಿಗೆ ಉಪ್ಪಿನಕಾಯಿ ಬಾಟಲಿಯ ಬಗ್ಗೆ ಕೊನೆಯ ಸೂಚನೆ ಕೊಡುವ ಹೆಂಗಸರು (ಇದು ನಮ್ಮ ಅಮ್ಮನೇ), ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಮದುವೆಯ ಮುಂಚಿನ ಮೆಹಂದಿ ಕಾರ್ಯಕ್ರಮಗಳಲ್ಲಿ ಮೈಕು ಕೊಟ್ಟರೆ ಊಟ ತಣಿಯುವವರೆಗೆ ಬಿಡುವವನಲ್ಲ. ಇದರಿಂದ ಒಂದೇ ತೊಂದರೆ. ನಾನು ಗಂಭೀರವಾಗಿ ಏನಾದರೂ ಹೇಳಿದರೆ ಜನ ಅದನ್ನು ಕೇಳುವ ಬದಲು ಇವನು ಈಗ ಯಾರನ್ನು ಅಣಕಿಸುತ್ತಿದ್ದಾನೆ ಎಂದು ಯೋಚಿಸತೊಡಗುತ್ತಾರೆ.

ಎಂ.ಎಸ್ಸಿ. ಪ್ರಾಣಿಶಾಸ್ತ್ರದ ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟಿನ ವಿಷಯ ಒಪ್ಪಿಸುವಾಗ ಆದದ್ದೂ ಅದೇ. ಕೋಳಿಮರಿ ಮೊಟ್ಟೆಯಿಂದ ಹೊರಬರುವ ಮುಂಚಿನ ಕೊನೆಯ ದಿನಗಳು ಬಹಳ ಕಷ್ಟದವು. ಒಳಗಿನ ಬುತ್ತಿ ಕರಗುತ್ತ ಬಂದಿರುತ್ತದೆ, ಮಗ್ಗುಲು ತಿರುಗಲು ಜಾಗವಿಲ್ಲ, ಗಾಳಿ ಸಾಲದು, ಇಷ್ಟರ ಮೇಲೆ ಗೋಡೆ ಒಡೆಯುವ ಕೆಲಸ ಬೇರೆ. ಆ ಹೊತ್ತಿಗೆ ಮೊಟ್ಟೆಯ ದಪ್ಪ ತುದಿಯಲ್ಲಿ ಸೂಜಿಮೊನೆಯಷ್ಟು ತೂತು ಮಾಡಿ, ಔಷಧಿ ಗಿಡದ ಸಾರವನ್ನು ಹನಿಯಷ್ಟು ಒಳಗೆ ಬಿಟ್ಟರೆ ಮರಿ ಗಟ್ಟಿಯಾಗಿ ಹುಟ್ಟೀತೇ? ನನ್ನ ಪ್ರಶ್ನೆ ಇಷ್ಟು. ಗಿಡ ಅಮೃತಬಳ್ಳಿ. ಪಡೀಲ್‌ನ ನಮ್ಮ ಮನೆಯ ಕಂಪೌಂಡು ಗೋಡೆ ಹತ್ತಿ, ಪಕ್ಕದ ಮನೆಯವರ ಡಿಶ್ಶನ್ನು ಅಪ್ಪಿಕೊಂಡು, ಅವರ ಧಾರಾವಾಹಿಗೆ ಆಗಾಗ ಅಡ್ಡ ಬರುತ್ತಿದ್ದ ಬಳ್ಳಿ ಅದು.

ವಿಭಾಗದ ಮುಖ್ಯಸ್ಥರು ನನ್ನನ್ನೂ ಕಾಗದವನ್ನೂ ಸರದಿಯಂತೆ ನೋಡಿದರು. “ಇವನಿಗೆಂತಕ್ಕೆ ಮೊಟ್ಟೆ? ಕೊನೆಗೆ ಸೆಮಿನಾರಿನಲ್ಲಿ ಕೋಳಿಯ ಹಾಗೆ ಕೂಗಿ ಇಳಿದುಹೋಗ್ತಾನೆ, ಅಷ್ಟೇ.”

ನನ್ನ ಗೈಡ್ ಆಗಿದ್ದ ಮೇಡಂ, “ನಾನು ಜವಾಬ್ದಾರಿ ಸರ್” ಅಂದರು. ಹೊರಗೆ ಬಂದ ಮೇಲೆ ವರಾಂಡದಲ್ಲಿ ನಿಲ್ಲಿಸಿ, “ನೋಡು ಮಾರಾಯ, ಈಗ ನನ್ನ ಮರ್ಯಾದೆ ನಿನ್ನ ಮೊಟ್ಟೆಯ ಒಳಗೆ ಉಂಟು. ಕೆಳಗೆ ಹಾಕ್ಬೇಡ” ಅಂದರು.

“ಇಲ್ಲ ಮೇಡಂ” ಅಂದೆ. ಅಭ್ಯಾಸಬಲದಿಂದ ಅದು ಮುಖ್ಯಸ್ಥರ ಧ್ವನಿಯಲ್ಲಿ ಬಂತು. ಮೇಡಂ ಕಣ್ಣು ಮುಚ್ಚಿ ಉಸಿರು ಬಿಟ್ಟರು.

ಕಾಲೇಜಿನ ಕಾವುಪೆಟ್ಟಿಗೆ ಕೆಟ್ಟು ಮೂಲೆ ಸೇರಿತ್ತು. ಹಾಗಾಗಿ ಮನೆಯಲ್ಲೇ ಒಂದನ್ನು ಕಟ್ಟಿದೆ. ಕುದ್ರೋಳಿಯ ಗೆಳೆಯನ ಮನೆಯವರದ್ದು ಮೀನಿನ ವ್ಯಾಪಾರ. ಅವನು ಮಂಜುಗಡ್ಡೆ ಹಾಕಿ ಮೀನು ಕಳಿಸುವ ಥರ್ಮಾಕೋಲ್ ಪೆಟ್ಟಿಗೆಯೊಂದನ್ನು ಕೊಟ್ಟ. ತಂಪಿಗೆಂದು ಹುಟ್ಟಿದ ಪೆಟ್ಟಿಗೆ ಬೆಚ್ಚಗಿಡುವುದಕ್ಕೂ ಆಗುತ್ತದೆ. ಶಾಖ ಒಳಗೂ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ. ಬಲ್ಬು, ಸಣ್ಣ ಫ್ಯಾನು, ಶಾಖ ಹೆಚ್ಚಾದರೆ ತಾನೇ ಆರಿಸುವ ಒಂದು ಯಂತ್ರ, ಮೂಲೆಯಲ್ಲಿ ನೀರಿನ ಬಟ್ಟಲು. ಬಿಸಿಯಾದ ಕೂಡಲೇ ಪೆಟ್ಟಿಗೆ ತನ್ನ ಹಳೆಯ ಉದ್ಯೋಗವನ್ನು ನೆನಪಿಸಿಕೊಂಡು ಬಂಗುಡೆಯ ವಾಸನೆ ಬಿಟ್ಟಿತು. ಎಷ್ಟು ತೊಳೆದರೂ ಅಷ್ಟೇ.

“ಇದರಲ್ಲಿ ಹುಟ್ಟುವ ಮರಿಗೆ ರೆಕ್ಕೆ ಬರ್ತದಾ, ಈಜುರೆಕ್ಕೆ ಬರ್ತದಾ?” ಎಂದು ಅಮ್ಮ ಕೇಳಿದಳು.

ಅಜ್ಜಿ ಮಾತ್ರ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, ಮುಚ್ಚಳ ಎತ್ತಿ, ಬಲ್ಬನ್ನು ನೋಡಿ, “ಹೇಂಟೆಗಿಂತ ಇದೇ ಲಾಯ್ಕ. ಕುಕ್ಕುವುದಿಲ್ಲ” ಅಂದಳು. ಅಜ್ಜಿ ಗದ್ದೆ, ಹಟ್ಟಿ ಇದ್ದ ಮನೆಯಲ್ಲಿ ಬೆಳೆದವಳು. ನಗರಕ್ಕೆ ಬಂದ ಮೇಲೆ ಹಿತ್ತಿಲಿನ ಕೋಳಿಗೂಡಷ್ಟೇ ಅವಳ ಆಸ್ತಿ. ಪ್ರಯೋಗಕ್ಕೆ ಬೇಕಾದ ಮೊಟ್ಟೆಗಳನ್ನೆಲ್ಲ ಕೊಟ್ಟವಳೂ ಅವಳೇ. ಕೊಡುವಾಗ ಒಂದೊಂದನ್ನೂ ಬೆಳಕಿಗೆ ಹಿಡಿದು, ಇದು ಇಂಥ ಹೇಂಟೆಯದ್ದು, ಅದರ ಸ್ವಭಾವ ಹೀಗೆ ಎಂದು ಮದುವೆ ದಲ್ಲಾಳಿಯ ಹಾಗೆ ವಿವರ ಹೇಳಿದ್ದಳು. ಅಜ್ಜಿ ಮಾತಾಡುವುದು ತುಳುವಿನಲ್ಲಿ. ಕನ್ನಡದಲ್ಲಿ ಬರೆಯುವಾಗ ಅವಳ ಮಾತಿನ ಖಾರ ಅರ್ಧಕ್ಕೆ ಇಳಿಯುತ್ತದೆ. ಓದುವವರು ಅಷ್ಟನ್ನು ತಾವೇ ಸೇರಿಸಿಕೊಳ್ಳಬೇಕು.

ಎರಡು ವಾರ ದಾಟಿ, ಮೊಟ್ಟೆಗೆ ಮೊಬೈಲಿನ ಟಾರ್ಚ್ ಹಿಡಿದರೆ ಒಳಗೆ ಕಪ್ಪಗೆ ತುಂಬಿಕೊಂಡ ಮರಿ ಕಾಣತೊಡಗಿದಾಗ ಸೂಜಿಯ ದಿನ ಬಂತು. ಅಮ್ಮನ ಚಪಾತಿಯ ಹಾಟ್‌ಬಾಕ್ಸಿನಲ್ಲಿ ಹತ್ತಿ ಹಾಸಿ, ಮೊಟ್ಟೆಗಳನ್ನು ಮಲಗಿಸಿ, ಬಸ್ಸು ಹತ್ತಿದೆ. ಪಂಪ್‌ವೆಲ್‌ನಲ್ಲಿ ಜನ ತುಂಬಿ, ಕಂಡಕ್ಟರು “ದುಂಬು ಪೋಲೆ, ದುಂಬು ಪೋಲೆ” ಎಂದು ಎಲ್ಲರನ್ನೂ ಮುಂದಕ್ಕೆ ತಳ್ಳುತ್ತ ನನ್ನ ಹತ್ತಿರ ಬಂದ. ನಾನು ಹಾಟ್‌ಬಾಕ್ಸನ್ನು ಎದೆಗೆ ಅಪ್ಪಿಕೊಂಡದ್ದನ್ನು ನೋಡಿ, “ಎಂತ, ಬಿರಿಯಾನಿಯಾ?” ಎಂದು ಕೇಳಿದ.

“ಆಗ್ಬಹುದು. ಇನ್ನೂ ಕೆಲವು ತಿಂಗಳು ಬೇಕು.”

ಅವನಿಗೆ ಅರ್ಥವಾಗಲಿಲ್ಲ. ಆದರೂ ಒಬ್ಬ ಕಾಲೇಜು ಹುಡುಗನನ್ನು ಎಬ್ಬಿಸಿ ನನಗೆ ಸೀಟು ಕೊಡಿಸಿದ.

ಬಳ್ಳಿಯನ್ನು ಒಣಗಿಸಿ, ಪುಡಿ ಮಾಡಿ, ಕುದಿಸಿ, ಮತ್ತೆ ಮತ್ತೆ ಸೋಸಿ, ಕ್ರಿಮಿಯೊಂದೂ ಉಳಿಯದ ಹಾಗೆ ಮಾಡಿಟ್ಟ ಸಾರವನ್ನು ಮೇಡಂ ಎದುರಿನಲ್ಲೇ ಒಂದು ಗುಂಪಿನ ಮೊಟ್ಟೆಗಳಿಗೆ ಬಿಟ್ಟೆ. ಇನ್ನೊಂದು ಗುಂಪಿಗೆ ತೂತು ಮಾಡಿ ಬರೀ ಉಪ್ಪುನೀರು. ಎರಡಕ್ಕೂ ಮೇಣದಿಂದ ತೂತು ಮುಚ್ಚಿದ್ದಾಯಿತು. ಮೂರನೆಯ ಗುಂಪನ್ನು ಮುಟ್ಟಲೇ ಇಲ್ಲ. ಹೀಗೆ ಇಟ್ಟರೆ ತಾನೇ ಮರಿಗಳ ತೂಕ ಹೆಚ್ಚಾದದ್ದು ಬಳ್ಳಿಯಿಂದಲೋ, ತೂತಿನಿಂದಲೋ, ದೇವರ ದಯೆಯಿಂದಲೋ ಎಂದು ತಿಳಿಯುವುದು? ಕೆಲಸ ಮುಗಿಯುವವರೆಗೆ ನನ್ನ ಬಾಯಿ ಮುಚ್ಚಿತ್ತು. “ಇಷ್ಟು ಹೊತ್ತು ನೀನು ಸುಮ್ಮನಿದ್ದದ್ದೇ ಒಂದು ಸಂಶೋಧನೆ” ಅಂದರು ಮೇಡಂ.

ಸಂಜೆ ಮನೆಗೆ ತಂದು ಪೆಟ್ಟಿಗೆಯ ಮೂರು ಮೂಲೆಗಳಲ್ಲಿ ಬೇರೆಬೇರೆಯಾಗಿ ಇಡುವಾಗ ಅಜ್ಜಿ ಇದೆಲ್ಲ ಏನೆಂದು ಕೇಳಿದಳು. ಸಾದಾ ಮಾತಿನಲ್ಲಿ ಹೇಳಬಹುದಿತ್ತು. ಆದರೆ ದಿನವಿಡೀ ಮುಚ್ಚಿದ್ದ ಬಾಯಿ. ಟವೆಲನ್ನು ಸೊಂಟಕ್ಕೆ ಕಟ್ಟಿ, ಸೌಟು ಹಿಡಿದು, ಮದುವೆ ಊಟದಲ್ಲಿ ಬಡಿಸುವವನಾದೆ. ಮೊದಲ ಮೂಲೆಯ ಎದುರು ಬಾಗಿ, “ಪಾಯಸ, ಪಾಯಸ, ಇನ್ನೊಂದು ಸೌಟು ಹಾಕ್ಲಾ ಅಣ್ಣ?” ಎರಡನೆಯ ಮೂಲೆಯಲ್ಲಿ, “ನಿಮಗೆ ಉಪ್ಪುನೀರು. ಎಲೆ ಮಡಚ್ಬೇಡಿ, ಬೇರೆ ಎಂತದೂ ಇಲ್ಲ.” ಮೂರನೆಯದನ್ನು ದಾಟಿ ಹೋಗುವಾಗ ಬೇರೆ ಕಡೆ ನೋಡುತ್ತ, “ನೀವು ಯಾರ ಕಡೆಯವರು? ಕೂತುಕೊಳ್ಳಿ, ಕೂತುಕೊಳ್ಳಿ.”

ಅಮ್ಮ ನೀರು ಕುಡಿಯುತ್ತಿದ್ದವಳು ನಕ್ಕು ಕೆಮ್ಮಿದಳು. ಅಜ್ಜಿ ನಗಲಿಲ್ಲ. “ಅಂದರೆ ಇವಕ್ಕೆ ಕೊಡುವುದೇ ಇಲ್ವಾ?” ಎಂದು ಮೂರನೆಯ ಮೂಲೆ ತೋರಿಸಿದಳು.

“ಇಲ್ಲಜ್ಜಿ. ಅವು ಹಾಗೇ.”

“ಹಾಂ” ಅಂದಳು ಅಜ್ಜಿ.

ಪಂಕ್ತಿಭೇದ ಎಂಬ ಶಬ್ದ ನಮ್ಮ ಕಡೆ ಬರೀ ಶಬ್ದವಲ್ಲ. ಒಂದೇ ಸಾಲಿನಲ್ಲಿ ಕೂತವರಲ್ಲಿ ಒಬ್ಬರಿಗೆ ತುಪ್ಪ ಹಾಕಿ ಇನ್ನೊಬ್ಬರಿಗೆ ಹಾಕದಿದ್ದರೆ ಆ ಮನೆಗೆ ಮತ್ತೆ ಕಾಲಿಡದವರಿದ್ದಾರೆ. ಅಜ್ಜಿ ಅಂಥ ಒಂದು ಮದುವೆಯ ವಿಷಯವನ್ನು ನಿನ್ನೆ ಆದದ್ದೆಂಬಂತೆ ಈಗಲೂ ಹೇಳುತ್ತಾಳೆ. ಅವಳ ಎದುರು ನಾನು ಮೂರು ಪಂಕ್ತಿ ಹಾಕಿ, ಒಂದಕ್ಕೆ ಮಾತ್ರ ಬಡಿಸಿ, ಮರುದಿನ ಬೆಳಿಗ್ಗೆ ನೆಮ್ಮದಿಯಾಗಿ ಕಾಲೇಜಿಗೆ ಹೋದೆ.

ಮಧ್ಯಾಹ್ನ ಬಂದು ಮುಚ್ಚಳ ತೆಗೆದರೆ ಬಂಗುಡೆಯ ವಾಸನೆಯ ಜೊತೆ ಇನ್ನೊಂದು ವಾಸನೆ. ಉಪ್ಪುನೀರಿನವೂ, ಮುಟ್ಟದವೂ ಕಂದು ಬಣ್ಣಕ್ಕೆ ತಿರುಗಿ ಮಿರಿಮಿರಿ ಮಿಂಚುತ್ತಿದ್ದವು, ಎಣ್ಣೆಸ್ನಾನ ಮುಗಿಸಿ ಬಂದವರ ಹಾಗೆ. ಪೆನ್ಸಿಲಿನಲ್ಲಿ ಬರೆದ ಗುರುತುಗಳು ಮಾಯ.

“ಅಜ್ಜೀ.”

“ನನಗೆ ಸೂಜಿ ಹಾಕ್ಲಿಕ್ಕೆ ಬರುವುದಿಲ್ಲ” ಎಂದು ಅಡುಗೆಮನೆಯಿಂದಲೇ ಉತ್ತರ ಬಂತು. “ಹಾಗೆ ಕಷಾಯ ಮಾಡಿ, ಉಗುರುಬೆಚ್ಚಗೆ ಬಟ್ಟೆಯಲ್ಲಿ ಅದ್ದಿ ಉಜ್ಜಿದ್ದೇನೆ. ಒಳಗೆ ಹೋಗ್ತದೆ. ಮೊಟ್ಟೆಗೂ ಚರ್ಮ ಉಂಟಲ್ಲ.”

“ಯಾರು ಹೇಳಿದ್ದು ನಿನಗೆ ಹಾಕ್ಲಿಕ್ಕೆ?”

“ಯಾರು ಹೇಳ್ಬೇಕು? ಒಂದೇ ಮನೆಯ ಮೊಟ್ಟೆ. ಒಂದಕ್ಕೆ ಪಾಯಸ, ಒಂದಕ್ಕೆ ಉಪ್ಪುನೀರು, ಒಂದಕ್ಕೆ ಕೇಳುವವರೇ ಇಲ್ಲ. ನಾಳೆ ಅವು ದೊಡ್ಡದಾಗಿ ಒಂದೇ ಹಿತ್ತಿಲಲ್ಲಿ ಮುಖ ನೋಡಿಕೊಳ್ಬೇಡ್ವಾ?”

ನಾನು ನೆಲದ ಮೇಲೆ ಕೂತೆ. ಬಳ್ಳಿಯ ಸಾರ ಸಿಕ್ಕಿದ್ದಕ್ಕೂ ಸಿಗದ್ದಕ್ಕೂ ಇರುವ ವ್ಯತ್ಯಾಸವೇ ನನ್ನ ಇಡೀ ಪ್ರಾಜೆಕ್ಟು. ಈಗ ಸಿಗದ್ದು ಎಂಬುದೇ ಪೆಟ್ಟಿಗೆಯಲ್ಲಿ ಉಳಿದಿರಲಿಲ್ಲ. ಅಮ್ಮ ಬಂದು ನೋಡಿ, “ಹೋಗ್ಲಿ ಬಿಡು ಮಗಾ, ಮೇಡಂನವರು ಎಂತ ಮನೆಗೆ ಬಂದು ನೋಡ್ತಾರಾ? ಒರೆಸಿ ಇಡು” ಅಂದಳು. ಅದು ಆಗದ ಮಾತೇನೂ ಅಲ್ಲ. ಆದರೆ ಜನ ನನ್ನನ್ನು ನಂಬದೆ ಇರುವುದು ನಾನು ಬೇರೆಯವರ ಧ್ವನಿ ತೆಗೆಯುತ್ತೇನೆಂಬ ಒಂದೇ ಕಾರಣಕ್ಕೆ. ಬೇರೆ ಕಾರಣ ಒದಗಿಸಲು ಮನಸ್ಸು ಬರಲಿಲ್ಲ. ಫೋನು ಮಾಡಿದೆ. ನಡೆದದ್ದನ್ನು ಹೇಳುತ್ತ ಹೇಳುತ್ತ ಅಜ್ಜಿಯ ಭಾಗವನ್ನು ಅಜ್ಜಿಯ ಧ್ವನಿಯಲ್ಲೇ ಹೇಳಿಬಿಟ್ಟೆ. ಆಚೆ ಬದಿಯಿಂದ ಬಿಕ್ಕಿದಂಥ ಸದ್ದು ಬಂತು.

“ಮೇಡಂ, ನೀವು ಅಳ್ತಾ ಇದ್ದೀರಾ?”

“ನಗ್ತಾ ಇದ್ದೇನೆ ಮಾರಾಯ. ತಡಿ.” ನಗು ನಿಂತ ಮೇಲೆ ಅವರ ಪಾಠದ ಧ್ವನಿ ಮರಳಿತು. “ಚಿಪ್ಪಿನ ಮೂಲಕ ಒಳಗೆ ಹೋಗಿರ್ಬಹುದು, ಹೋಗದೆಯೂ ಇರ್ಬಹುದು. ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹಾಗಾಗಿ ಇದು ಲೆಕ್ಕಕ್ಕಿಲ್ಲ. ಮೊದಲಿಂದ ಮತ್ತೆ ಇಡ್ಬೇಕು. ಸರ್ ಹತ್ರ ನಾನು ಸಮಯ ಕೇಳ್ತೇನೆ. ಒಂದೇ ಸಲ ಕೇಳ್ತೇನೆ, ಆಯ್ತಾ? ಎರಡನೇ ಸಲ ಕೇಳುವ ಮುಖ ನನಗಿಲ್ಲ.”

ಲೆಕ್ಕಕ್ಕಿಲ್ಲದ ಆ ಮೊಟ್ಟೆಗಳಿಗೆ ತಾವು ಲೆಕ್ಕಕ್ಕಿಲ್ಲವೆಂದು ಯಾರೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಪೆಟ್ಟಿಗೆಯೊಳಗಿಂದ ಚಿಂವ್ ಎಂಬ ಸಣ್ಣ ಸದ್ದು ಕೇಳಿತು. ಚಿಪ್ಪು ಇನ್ನೂ ಬಿರುಕು ಬಿಟ್ಟಿರಲಿಲ್ಲ, ಒಳಗಿನಿಂದಲೇ ಕೂಗು. ನಾನು ಮುಚ್ಚಳದ ಹತ್ತಿರ ಬಾಯಿಟ್ಟು, ಕಾವಿಗೆ ಕೂತ ಹೇಂಟೆ ಗಂಟಲಿನಲ್ಲೇ ಗುನುಗುವ ಹಾಗೆ ಕೊರ್ರ್ ಕೊರ್ರ್ ಅಂದೆ. ಒಳಗೆ ನಿಶ್ಶಬ್ದ. ಆಮೇಲೆ ಒಂದು ಚಿಂವ್. ಇನ್ನೊಂದು. ಆಮೇಲೆ ಮೂರೂ ಮೂಲೆಗಳಿಂದ ಒಟ್ಟಿಗೆ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಪ್ರೇಕ್ಷಕರು ಸಿಕ್ಕಿಲ್ಲ. ಮುಖ ಕಾಣದೆ, ಹೆಸರು ಕೇಳದೆ, ಗೋಡೆಯಾಚೆಯಿಂದಲೇ ಮೆಚ್ಚಿದವರು. ಹಿತ್ತಿಲಿನಲ್ಲಿದ್ದ ನಿಜವಾದ ಹೇಂಟೆಯೊಂದು ಕಿಟಕಿಗೆ ಹಾರಿ ಕೂತು ನನ್ನನ್ನು ಬಹಳ ಕೆಟ್ಟದಾಗಿ ನೋಡಿತು.

ಆ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಒಂದು ಮೊಟ್ಟೆಗೆ ಚುಕ್ಕೆಯಷ್ಟು ತೂತು, ತೂತಿನಲ್ಲಿ ಕೊಕ್ಕಿನ ತುದಿ, ವಿಶ್ರಾಂತಿ, ಮತ್ತೆ ಒಂದು ಕುಟ್ಟು. ಅಪ್ಪ ಗಲ್ಫಿನಿಂದ ವೀಡಿಯೋ ಕಾಲ್ ಮಾಡಿದಾಗ ಅಮ್ಮ ಫೋನನ್ನು ಪೆಟ್ಟಿಗೆಯ ಒಳಗೇ ತಿರುಗಿಸಿ ಹಿಡಿದಳು. ಅವರು ಅರ್ಧ ಗಂಟೆ ಮೊಟ್ಟೆಗಳ ಜೊತೆ ಮಾತಾಡಿ ಫೋನಿಟ್ಟರು. ಸಂಜೆಗೆ ಒದ್ದೆ ಮರಿಗಳು ಒಂದರ ಮೇಲೊಂದು ಉರುಳಿ, ನೋಡನೋಡುತ್ತ ಒಣಗಿ, ಹತ್ತಿಯುಂಡೆಗಳಾದವು. ಪಾಯಸದವೂ ಹುಟ್ಟಿದವು, ಉಪ್ಪುನೀರಿನವೂ ಹುಟ್ಟಿದವು, ಕೇಳುವವರಿಲ್ಲದವೂ ಹುಟ್ಟಿದವು.

“ನೋಡು” ಅಂದಳು ಅಜ್ಜಿ. “ಸಮ ಬಡಿಸಿದ್ರೆ ಸಮ ಆಗ್ತದೆ.”

ಇದೇ ಮಾತು ನನ್ನನ್ನು ಹೆದರಿಸಿತು. ಎರಡನೆಯ ಸಲಕ್ಕೂ ಮೊಟ್ಟೆ ಕೊಡಬೇಕಾದವಳು ಅವಳೇ. ಪೆಟ್ಟಿಗೆಯ ಪಕ್ಕ ದಿನವಿಡೀ ಇರುವವಳೂ ಅವಳೇ. ನಾನು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಅವಳ ನ್ಯಾಯಕ್ಕೆ ಅಡ್ಡ ನಿಲ್ಲುವವರು ಯಾರು? ಎಷ್ಟೋ ಬಗೆಯಲ್ಲಿ ತಿಳಿಸಿ ಹೇಳಿದೆ. ಸಾರಿಗೆ ಉಪ್ಪು ಸರಿಯಾಯಿತಾ ಅಂತ ಗೊತ್ತಾಗಬೇಕಾದರೆ ಉಪ್ಪು ಹಾಕದ ಒಂದು ಸೌಟು ಬೇರೆ ತೆಗೆದಿಡಬೇಕು ಎಂದೆ. “ನಾನು ಇಷ್ಟು ವರ್ಷ ತೆಗೆದಿಟ್ಟಿದ್ದೇನಾ?” ಅಂದಳು. ಪೆಟ್ಟಿಗೆಗೆ ಬೀಗ ಹಾಕುತ್ತೇನೆ ಎಂದೆ. “ಥರ್ಮಾಕೋಲಿಗಾ?” ಅಂದಳು.

ಕೊನೆಗೆ ಮೇಡಂ ಮನೆಗೇ ಬಂದರು. ಅಜ್ಜಿ ಒಳ್ಳೆಯ ಸೀರೆ ಉಟ್ಟು, ಬೆಲ್ಲ ನೀರು ಕೊಟ್ಟು, ಕುರ್ಚಿ ಎಳೆದು ಎದುರಿಗೆ ಕೂತಳು. ಮೇಡಂ ತುಳುವಿನಲ್ಲೇ ಮಾತಾಡಿದ್ದು ಅರ್ಧ ಕೆಲಸ ಮಾಡಿತು.

“ಟೀಚರೇ, ನೀವು ತಿಳಿದವರು. ಹೊಟ್ಟೆಯ ಒಳಗಿರುವವರಲ್ಲಿ ಭೇದ ಮಾಡ್ಬಾರ್ದು” ಎಂದು ಅಜ್ಜಿ ಶುರುಮಾಡಿದಳು.

“ಮಾಡ್ಬಾರ್ದು ಅಮ್ಮ. ಆದ್ರೆ ಅದು ಕೊಟ್ಟದ್ದರಿಂದ ಒಳ್ಳೆದಾಗ್ತದೆ ಅಂತ ಹೇಗೆ ಗೊತ್ತು?”

“ಅಮೃತಬಳ್ಳಿಯಿಂದ ಯಾರಿಗೂ ಕೆಟ್ಟದಾಗ್ಲಿಲ್ಲ. ಈ ಮನೆಯವರಿಗೆಲ್ಲ ನಾನೇ ಕೊಟ್ಟಿದ್ದು.” ಅಜ್ಜಿ ನನ್ನ ಕಡೆ ತಲೆಯಾಡಿಸಿದಳು. “ಇವನಿಗೆ ಸಣ್ಣದಿರುವಾಗ ದಿನಾ ಕೊಟ್ಟಿದ್ದೇನೆ.”

ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅದಕ್ಕೇ ನನಗೆ ಸಂಶಯ” ಅಂದರು.

ಅಜ್ಜಿ ಮೊದಲ ಸಲ ನಕ್ಕಳು. ಅಮ್ಮ ಬಾಗಿಲ ಹಿಂದೆ ನಿಂತು ನಕ್ಕಳು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ನಗು ಇಳಿದ ಮೇಲೆ ಮೇಡಂ ಲೋಟ ಕೆಳಗಿಟ್ಟರು. “ನೀವು ಕೊಡುವುದು ಕುಡಿಯುವವರಿಗೆ. ಇಲ್ಲಿ ಸೂಜಿಯಲ್ಲಿ ಒಳಗೇ ಹೋಗ್ತದೆ, ಉಗುರಿನಷ್ಟು ಇರುವ ಜೀವಕ್ಕೆ. ಇದು ಪಾಯಸವೋ ಅಲ್ವೋ ಅಂತ ನಮಗೆ ಇನ್ನೂ ಗೊತ್ತಿಲ್ಲಮ್ಮ. ಇವನು ಪಾಯಸ ಅಂತ ಕುಣಿದು ತೋರಿಸಿದ್ದಾನೆ, ಅಷ್ಟೇ. ಗೊತ್ತಾಗುವ ಮೊದಲೇ ಎಲ್ಲರ ಎಲೆಗೂ ಬಡಿಸಿ, ಹೆಚ್ಚುಕಡಿಮೆ ಆದ್ರೆ? ಮುಟ್ಟದೆ ಬಿಟ್ಟವು ಆದ್ರೂ ಉಳೀತಾವೆ.”

ಅಜ್ಜಿ ಕಿಟಕಿಯ ಹೊರಗೆ ನೋಡಿದಳು. ಹಿತ್ತಿಲಿನಲ್ಲಿ ಮೊದಲ ಸಲದ ಮರಿಗಳು ಸಾಲಾಗಿ ಓಡುತ್ತಿದ್ದವು.

“ಮದುವೆಯಲ್ಲಿ ಅಡುಗೆಯವರು ಮೊದಲು ಯಜಮಾನನ ಕೈಗೆ ಒಂದು ಹನಿ ಹಾಕ್ತಾರೆ” ಅಂದಳು. “ಅವನು ಸರಿ ಅಂದ ಮೇಲೆಯೇ ಪಂಕ್ತಿಗೆ.”

“ಅದೇ ಅಮ್ಮ. ಅಷ್ಟೇ ನಾವು ಮಾಡುವುದು.”

“ಹಾಗಾದ್ರೆ ಹುಟ್ಟಿದ ಮೇಲೆ ಎಲ್ಲಕ್ಕೂ ಕೊಡ್ಬೇಕು. ನೀರಿನಲ್ಲಿ ಹಾಕಿ. ಸಮ.”

“ತೂಕ ನೋಡಿ ಆದ ಮೇಲೆ ಕೊಡಿ. ನಾನು ಬಂದು ಕೇಳುವುದಿಲ್ಲ.”

ಒಪ್ಪಂದವಾಯಿತು. ಒಪ್ಪಿಕೊಂಡ ಅಜ್ಜಿ ಮೊದಲಿನ ಅಜ್ಜಿಗಿಂತ ಕಷ್ಟ ಎಂದು ಆಮೇಲೆ ತಿಳಿಯಿತು. ಎರಡನೆಯ ಕಂತಿನ ಮೊಟ್ಟೆಗಳು ಪೆಟ್ಟಿಗೆ ಸೇರಿದ ದಿನದಿಂದ ಅವಳೇ ಕಾವಲು. ಯಾವ ಮೂಲೆಗೂ ಹೆಚ್ಚು ಬೆಳಕು ಬೀಳಬಾರದೆಂದು ಕಿಟಕಿಯ ಪರದೆ ಎಳೆದಳು. ಅಮ್ಮ ಒಗ್ಗರಣೆ ಹಾಕಿದರೆ ಹೊಗೆ ಒಂದೇ ಬದಿಗೆ ಹೋಗುತ್ತದೆಂದು ಜಗಳ. ಸೂಜಿಯ ದಿನವೂ ದಾಟಿ, ಮರಿಗಳು ಒಳಗಿನಿಂದ ಚಿಂವ್ ಅನ್ನಲು ಶುರುಮಾಡಿ, ನಾನು ಆಸೆಯಿಂದ ಹೇಂಟೆಯ ಧ್ವನಿ ತೆಗೆದರೆ ಬೆನ್ನಿಗೊಂದು ಗುದ್ದು ಬಿತ್ತು.

“ಆ ಮೂಲೆಗೆ ಬಾಯಿ ಮಾಡಿ ಕೂಗಿದ್ದು ಯಾಕೆ? ಕೂಗುವುದಾದ್ರೆ ನಡುವೆ ನಿಂತು ಮೂರಕ್ಕೂ ಸಮ ಕೂಗು. ಇಲ್ಲದಿದ್ರೆ ಬಾಯಿ ಮುಚ್ಚು.”

ಮೇಡಂಗೆ ಇದನ್ನು ಹೇಳಿದರೆ, “ನನಗೆ ಇಂಥ ಸ್ಟೂಡೆಂಟ್ ಒಬ್ಬರೂ ಸಿಗ್ಲಿಲ್ಲ” ಎಂದು ನಿಟ್ಟುಸಿರು ಬಿಟ್ಟರು.

ಮರಿಗಳು ಹುಟ್ಟಿದ ಹಾಗೆ ಗುಂಪಿಗೊಂದು ಬಣ್ಣದ ದಾರವನ್ನು ಕಾಲಿಗೆ ಕಟ್ಟಿದೆ. ಒಣಗಿದ ಮೇಲೆ ಕಾಲೇಜಿನಿಂದ ತಂದ ತಕ್ಕಡಿಯ ಮೇಲೆ ಒಂದು ಬಟ್ಟಲಿಟ್ಟು, ಒಂದೊಂದನ್ನೇ ಕೂರಿಸಿ ತೂಗಿದೆ. ಕೂರುವ ಜಾತಿ ಅವುಗಳದ್ದಲ್ಲ. ಅಂಕಿ ನಿಲ್ಲುವ ಮೊದಲೇ ಒಂದು ಹಾರಿ ನನ್ನ ಅಂಗಿಯ ಜೇಬಿಗೆ ಹೋಗುತ್ತದೆ, ಇನ್ನೊಂದು ಅಂಕಿಯ ಮೇಲೆಯೇ ಹಿಕ್ಕೆ ಹಾಕುತ್ತದೆ. ಅಜ್ಜಿ ಅಷ್ಟು ಹೊತ್ತೂ ಕಷಾಯ ಬೆರೆಸಿದ ನೀರಿನ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. “ಮುಗೀತಾ?” “ಇಲ್ಲ.” “ಮುಗೀತಾ?” “ಇಲ್ಲಜ್ಜಿ.” ಕೊನೆಯದನ್ನು ಕೆಳಗೆ ಬಿಟ್ಟದ್ದೇ ತಡ, ತಟ್ಟೆ ನಡುವೆ ಇಳಿಯಿತು. ಮೂರು ಮೂಲೆಯ ಮರಿಗಳೂ ಓಡಿಬಂದು ಒಂದೇ ಪಂಕ್ತಿಯಲ್ಲಿ ಕೊಕ್ಕು ಅದ್ದಿದವು. ಮರುಕ್ಷಣ ಎಲ್ಲವೂ ಒಟ್ಟಿಗೆ ತಲೆ ಕೊಡವಿ, ಆ ಕಹಿಯನ್ನು ಅಜ್ಜಿಯ ಸೀರೆಗೆ ಸಿಡಿಸಿ, ಅಮ್ಮನಿಟ್ಟಿದ್ದ ಸಾದಾ ನೀರಿನ ಕಡೆಗೆ ಓಡಿದವು.

“ಸಮ ಆಯ್ತಲ್ಲ” ಅಂದೆ.

“ನೀನೂ ಸಣ್ಣದಿರುವಾಗ ಹೀಗೇ ಉಗುಳ್ತಾ ಇದ್ದದ್ದು” ಎಂದು ಅಜ್ಜಿ ಸೆರಗಿನಿಂದ ಒರೆಸಿಕೊಂಡಳು.

ಸಾರ ಸಿಕ್ಕಿದ ಮರಿಗಳ ತೂಕ ಉಳಿದವಕ್ಕಿಂತ ಸ್ವಲ್ಪ ಹೆಚ್ಚಿತ್ತು. ಸ್ವಲ್ಪವೇ. ಎದ್ದು ನಿಲ್ಲುವುದರಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಸೆಮಿನಾರಿನ ದಿನ ಇಷ್ಟನ್ನೇ ಹೇಳಿದೆ. ಮೊದಲ ಕಂತು ಹೇಗೆ ಹಾಳಾಯಿತೆಂದೂ ಹೇಳಿದೆ. ಅಲ್ಲಿ ನಗು ಬಂತು. ಆದರೆ ವಿಭಾಗದ ಮುಖ್ಯಸ್ಥರು ನಗದೆ ಕನ್ನಡಕ ಏರಿಸಿದರು. ಉಪ್ಪುನೀರಿನ ಗುಂಪು ಯಾಕೆ ಬೇಕಾಯಿತು? ಸಾರದಲ್ಲಿ ಏನೇನಿದೆ ಎಂದು ಹೇಗೆ ಗೊತ್ತು? ಒಂದೇ ಮನೆಯ ಹೇಂಟೆಗಳ ಮೊಟ್ಟೆ ನೋಡಿ ಎಲ್ಲ ಕೋಳಿಗಳ ಬಗ್ಗೆ ಹೇಳಬಹುದಾ? ಪ್ರಶ್ನೆಯ ಮೇಲೆ ಪ್ರಶ್ನೆ. ಕೆಲವಕ್ಕೆ ಉತ್ತರವಿತ್ತು, ಕೆಲವಕ್ಕೆ ಗೊತ್ತಿಲ್ಲ ಸರ್ ಅಂದೆ. ಬೆವರು ಇಳಿಯುತ್ತಿತ್ತು. ಅಷ್ಟು ಖುಷಿಯಿಂದ ನಾನು ಯಾವತ್ತೂ ಬೆವರಿದ್ದಿಲ್ಲ. ಹಿಂದಿನ ಬೆಂಚಿನಲ್ಲಿ ಮೇಡಂ ಕೈಕಟ್ಟಿ ಕೂತು ಮೇಲಿನ ಫ್ಯಾನು ನೋಡುತ್ತಿದ್ದರು, ಮುಖದಲ್ಲಿ ನಗು ಕಾಣಬಾರದೆಂದು.

ಎಲ್ಲ ಮುಗಿದು ನಾನು ಪ್ರೊಜೆಕ್ಟರಿನ ವಯರು ಸುತ್ತುತ್ತಿದ್ದಾಗ ಮುಖ್ಯಸ್ಥರು ಹತ್ತಿರ ಬಂದು ಧ್ವನಿ ತಗ್ಗಿಸಿ ಕೇಳಿದರು. “ಮರಿಗಳು ಮನೆಯಲ್ಲೇ ಉಂಟಾ? ನಮ್ಮ ಹಿತ್ತಿಲಿಗೆ ಒಂದು ಜೋಡಿ ಸಿಗ್ಬಹುದಾ?”

“ಖಂಡಿತ ಸರ್. ಔಷಧ ಸಿಕ್ಕಿದ್ದು ಕೊಡ್ಲಾ, ಸಿಗದ್ದು ಕೊಡ್ಲಾ?”

ಅವರು ವಯರಿನ ಇನ್ನೊಂದು ತುದಿ ಎತ್ತಿ ನನ್ನ ಕೈಗೆ ಕೊಟ್ಟರು.

“ಯಾವುದಾದ್ರೂ ಆಗ್ತದೆ ಮಾರಾಯ. ವ್ಯತ್ಯಾಸ ಸ್ವಲ್ಪವೇ ಅಂತ ನೀನೇ ಹೇಳಿದ್ದಲ್ವಾ?”